ತೊಟ್ಟೂ ಸೋರದ ಟ್ರಾಂಬೋನು

“ಪೈಪು ಅಂದ್ಮೇಲೆ ಪೈಪೇ ಕಣೇ. ನೀರು ಹೋಗೋ ಜಾಗದಲ್ಲಿ ಗಾಳಿ ಹೋಗುತ್ತೆ, ಅಷ್ಟೇ ವ್ಯತ್ಯಾಸ. ನೋಡ್ತಾ ಇರು, ಈ ವರ್ಷ ಮುಗಿಯೋದ್ರೊಳಗೆ ವೇದಿಕೆ ಮೇಲೆ ಕೂತು ನುಡಿಸ್ತೀನಿ!”

ಹೀಗೆಂದು ಘೋಷಿಸಿ ಪೈಪಣ್ಣ ಊಟದ ಮೇಜಿನ ಮೇಲೆ ಒಂದು ಟ್ರಾಂಬೋನನ್ನು ಇಟ್ಟ. ಅದು ಮೇಜಿನ ಈ ತುದಿಯಿಂದ ಹೊರಟು, ಆ ತುದಿಯನ್ನು ದಾಟಿ, ಉಪ್ಪಿನ ಡಬ್ಬಿಯನ್ನು ಕೆಳಗೆ ಬೀಳಿಸಿದ ಮೇಲೆಯೇ ನಿಂತಿತು. ಹೆಂಡತಿ ಮೊದಲು ಡಬ್ಬಿಯನ್ನು ನೋಡಿದಳು, ಆಮೇಲೆ ಟ್ರಾಂಬೋನನ್ನು, ಕೊನೆಗೆ ಗಂಡನನ್ನು. ಮೂರರಲ್ಲಿ ಅವಳಿಗೆ ಕನಿಕರ ಹುಟ್ಟಿದ್ದು ಡಬ್ಬಿಯ ಮೇಲೆ ಮಾತ್ರ.

“ಎಲ್ಲಿ ಸಿಕ್ತು ಇದು?”

“ಟ್ಯಾಂಕ್ ರಿಪೇರಿಗೆ ಹೋಗಿದ್ನಲ್ಲ, ಆ ಮನೆ ಅಟ್ಟದ ಮೇಲಿತ್ತು. ನಮಗೆ ಜಾಗ ಖಾಲಿಯಾದ್ರೆ ಸಾಕು, ತಗೊಂಡು ಹೋಗಿ ಅಂದ್ರು.”

“ಜಾಣರು,” ಎಂದಳು ಹೆಂಡತಿ, ಉಪ್ಪು ಗುಡಿಸುತ್ತಾ.

ಪೈಪಣ್ಣ ಎಂಬುದು ಜನ ಇಟ್ಟ ಹೆಸರು. ಕಸುಬು ಪ್ಲಂಬಿಂಗು. ಗೋಡೆಗೆ ಕಿವಿ ಇಟ್ಟು, ಎಷ್ಟನೇ ಮಹಡಿಯಲ್ಲಿ ಯಾರು ನಲ್ಲಿ ಸರಿಯಾಗಿ ತಿರುಗಿಸಿಲ್ಲ ಎಂದು ಹೇಳಬಲ್ಲವನು. ಅವನು ಕೂಡಿಸಿದ ಪೈಪಿನಿಂದ ಒಂದು ತೊಟ್ಟು ನೀರು ಹೊರಗೆ ಬಂದ ದಾಖಲೆ ಇಲ್ಲ. ಎಲ್ಲಾದರೂ ಏನಾದರೂ ಸೋರುತ್ತಿದೆ ಎಂದು ಕೇಳಿದರೆ ಸಾಕು, ಯಾರೋ ತನ್ನ ಹೆಸರು ಹಿಡಿದು ಬೈದಂತೆ ಅವನ ಮುಖ ಕೆಂಪಾಗುತ್ತಿತ್ತು.

ಇಂಥ ಸರದಾರನಿಗೂ ಒಂದು ನೋವಿತ್ತು. ಆ ನೋವಿನ ಹೆಸರು ಅತ್ತೆ.

ಅತ್ತೆಗೆ ಇಬ್ಬರು ಅಳಿಯಂದಿರು. ಹಿರಿಯವನು, ಅಂದರೆ ಪೈಪಣ್ಣನ ಷಡ್ಡಕ, ಹಲ್ಲಿನ ಡಾಕ್ಟರು. ಮನೆಗೆ ಯಾರೇ ಬರಲಿ, ಅತ್ತೆ ಎದೆಯುಬ್ಬಿಸಿ ಪರಿಚಯ ಮಾಡಿಸುತ್ತಿದ್ದರು: “ಇವ್ರು ನಮ್ಮ ದೊಡ್ಡ ಅಳಿಯಂದ್ರು, ಡಾಕ್ಟರು. ಬೆರಳು ತಾಗಿದ್ದೂ ಗೊತ್ತಾಗಲ್ಲ, ಹಲ್ಲು ಕೈಲಿರುತ್ತೆ.” ಆಮೇಲೆ ಪೈಪಣ್ಣನ ಕಡೆ ತಿರುಗಿ, ಸ್ವಲ್ಪ ತಡೆದು, “ಇವ್ರು ಚಿಕ್ಕ ಅಳಿಯಂದ್ರು. ನಿಮ್ಮನೇಲಿ ನಲ್ಲಿ ಗಿಲ್ಲಿ ಏನಾದ್ರೂ ಕೆಟ್ಟಿದ್ರೆ ಹೇಳಿ,” ಎನ್ನುತ್ತಿದ್ದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ಪೈಪಣ್ಣ ಜಗಳವಾಡಿ ಹಗುರಾಗುತ್ತಿದ್ದ. ಅತ್ತೆ ನಿಜಕ್ಕೂ ಸಹಾಯ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದರು. ಅದು ಇನ್ನೂ ಹೆಚ್ಚು ಉರಿಯುತ್ತಿತ್ತು.

ಒಂದೇ ಒಂದು ಸಲ, ನಾಲ್ಕು ಜನರ ಎದುರು, “ನಮ್ಮ ಚಿಕ್ಕ ಅಳಿಯಂದ್ರು ವಾದ್ಯ ನುಡಿಸ್ತಾರೆ” ಎಂದು ಆ ಬಾಯಲ್ಲಿ ಬರಬೇಕು. ಟ್ರಾಂಬೋನು ಮನೆಗೆ ಬಂದದ್ದು ಅದಕ್ಕೆ. ಉಪ್ಪಿನ ಡಬ್ಬಿ ಬಿದ್ದದ್ದೂ ಅದಕ್ಕೇ ಎನ್ನಬಹುದು.

ಟ್ರಾಂಬೋನು ನೋಡಲು ಬಹಳ ಸರಳ. ಒಂದು ಹಿತ್ತಾಳೆ ಕೊಳವೆ ಮುಂದಕ್ಕೆ ಹೋಗುತ್ತದೆ, ಬಾಗುತ್ತದೆ, ವಾಪಸು ಬರುತ್ತದೆ, ಮತ್ತೆ ಬಾಗುತ್ತದೆ, ಕೊನೆಗೆ ದೊಡ್ಡದಾಗಿ ಬಾಯಿ ತೆರೆಯುತ್ತದೆ. ಮುಂದಿನ ಭಾಗ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಅದು ಸ್ಲೈಡು. ದೂರ ತಳ್ಳಿದಷ್ಟೂ ಸ್ವರ ಇಳಿಯುತ್ತದೆ. ಪೈಪಣ್ಣ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, “ಎರಡು ಬೆಂಡು, ಒಂದು ಜಾಯಿಂಟು. ಇದಕ್ಕಿಂತ ನಮ್ಮ ಸಿಂಕಿನ ಕೆಳಗೆ ಜಾಸ್ತಿ ಕೆಲಸ ಇದೆ,” ಎಂದು ತೀರ್ಪು ಕೊಟ್ಟ.

ಆದರೆ ಊದಿದರೆ ಸದ್ದೇ ಬರಲಿಲ್ಲ. ತುಟಿ ಬಿಗಿಹಿಡಿದು ‘ಪುರ್ರ್’ ಎಂದು ನಡುಗಿಸಬೇಕು, ಆ ನಡುಕವನ್ನೇ ವಾದ್ಯ ಸ್ವರ ಮಾಡುತ್ತದೆ ಎಂದು ಗೊತ್ತಾದ ಮೇಲೆ ಪೈಪಣ್ಣನಿಗೆ ಹಗಲು ಪೂರ್ತಿ ಅದೇ ಧ್ಯಾನವಾಯಿತು. ಗಿರಾಕಿಗಳ ಮನೆಯಲ್ಲಿ ಸಿಂಕಿನ ಕೆಳಗೆ ಅಂಗಾತ ಮಲಗಿ, ಕೈ ವಾಷರ್ ಬಿಗಿ ಮಾಡುತ್ತಿದ್ದರೆ ಬಾಯಿ ಪುರ್ರ್ ಎನ್ನುತ್ತಿತ್ತು.

“ಏನಪ್ಪಾ ಅದು, ಪೈಪೊಳಗೆ ಗಾಳಿ ಸೇರ್ಕೊಂಡಿದ್ಯಾ?” ಎಂದು ಮನೆಯೊಡತಿ ಬಗ್ಗಿ ಕೇಳಿದರೆ, “ಇಲ್ಲಮ್ಮ, ಅದು ನಾನು,” ಎಂದು ಸಿಂಕಿನ ಕೆಳಗಿನಿಂದ ಉತ್ತರ ಬರುತ್ತಿತ್ತು. ಆ ಬೀದಿಯಲ್ಲಿ ಇಬ್ಬರು ಗಿರಾಕಿಗಳು ಬೇರೆ ಪ್ಲಂಬರನ್ನು ಹುಡುಕಿಕೊಂಡರು.

ಮನೆಯ ಕಥೆ ಬೇರೆ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಒಂದು ಮೂಲೆಗೆ ಪರದೆ ಕಟ್ಟಿ, ಹೊಲಿದದ್ದನ್ನು ಹಾಕಿ ನೋಡಲು ಜಾಗ ಮಾಡಿದ್ದಳು. ಪರದೆಯ ಈಚೆ ಪೈಪಣ್ಣನ ಅಭ್ಯಾಸದ ಕುರ್ಚಿ. ಒಂದು ಸಂಜೆ ಅವನಿಗೆ ತೀರಾ ಕೆಳಗಿನ ಸ್ವರ ಬೇಕಾಯಿತು. ಕಣ್ಣು ಮುಚ್ಚಿ, ಭಕ್ತಿಯಿಂದ, ಸ್ಲೈಡನ್ನು ಪೂರ್ತಿ ತಳ್ಳಿದ. ಸ್ಲೈಡು ಪರದೆಯ ಸಂದಿಯಲ್ಲಿ ನುಗ್ಗಿ, ಹೊಸ ಕೋಟು ಹಾಕಿ ನೋಡುತ್ತಿದ್ದ ಅಂಚೆ ಕಚೇರಿಯ ಹಿರಿಯ ಗುಮಾಸ್ತರ ಬೆನ್ನಿಗೆ ತಿವಿಯಿತು. ಆಗ ಬಂದ ಸ್ವರ ಬಹಳ ಎತ್ತರದ್ದು, ಮತ್ತು ಅದು ಟ್ರಾಂಬೋನಿನದಲ್ಲ. ಗುಮಾಸ್ತರು ಒಂದೇ ತೋಳು ಏರಿಸಿದ ಕೋಟಿನಲ್ಲೇ ಬೀದಿಗೆ ಹೋದರು.

“ರೀ, ಇನ್ಮೇಲೆ ನೀವು ಬಚ್ಚಲಲ್ಲಿ ಕೂತು ಊದಿ.”

“ಬಚ್ಚಲಲ್ಲಿ ಕಲೆ ಅರಳುತ್ತೇನೇ?”

“ಅರಳದಿದ್ರೂ ಪರ್ವಾಗಿಲ್ಲ, ತೊಳೆದುಬಿಡಬಹುದು.”

ಬಚ್ಚಲಿಗೆ ಹೋದ. ಅಲ್ಲಿ ಸದ್ದು ಗೋಡೆಗೆ ಬಡಿದು ಹತ್ತು ಪಟ್ಟಾಗಿ ವಾಪಸು ಬಂತು. ಮೇಲಿನ ಮನೆಯವರು ಪೈಪು ಒಡೆದಿರಬೇಕೆಂದು ಹೆದರಿ ಪ್ಲಂಬರಿಗೆ ಫೋನು ಮಾಡಿದರು. ಫೋನು ಪೈಪಣ್ಣನ ಜೇಬಿನಲ್ಲೇ ಹೊಡೆದುಕೊಂಡಿತು.

ಕೊನೆಗೆ ಅವನು ಮೇಷ್ಟ್ರ ಬಳಿ ಸೇರಿದ. ಮೇಷ್ಟ್ರು ಜೀವಮಾನವೆಲ್ಲ ಬ್ಯಾಂಡಿನಲ್ಲಿ ಊದಿ, ಈಗ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಭಾನುವಾರ ದೊಡ್ಡವರಿಗೆ ಪಾಠ ಹೇಳುತ್ತಿದ್ದರು. ಬ್ಯಾಂಕಿನ ಕ್ಯಾಷಿಯರಮ್ಮ ಟ್ರಂಪೆಟ್ ಊದುತ್ತಿದ್ದರು. ಬೇಕರಿಯವನ ಮಡಿಲಲ್ಲಿ ಟ್ಯೂಬಾ ಕೂತಿರುತ್ತಿತ್ತು, ಅದರ ಹಿಂದೆ ಬೇಕರಿಯವನು ಇದ್ದಾನೆಂದು ಊಹಿಸಿಕೊಳ್ಳಬೇಕಿತ್ತು. ಮೇಷ್ಟ್ರು ಪೈಪಣ್ಣನ ಊದುವಿಕೆ ಕೇಳಿ, “ಶ್ವಾಸ ಚೆನ್ನಾಗಿದೆ. ಆದ್ರೆ ಸ್ಲೈಡನ್ನ ಅಷ್ಟು ದೂರ ತಳ್ಳಬೇಡ್ರೀ, ಕಳಚಿ ಬಂದುಬಿಡುತ್ತೆ,” ಎಂದರು. ಪೈಪಣ್ಣ ಹೊಗಳಿಕೆಯನ್ನು ಮಾತ್ರ ಮನೆಗೆ ತೆಗೆದುಕೊಂಡು ಹೋದ.

ಆ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮುಂಚೆ ಮೇಷ್ಟ್ರು ಕೈ ಎತ್ತಿ, “ನೀರು,” ಎನ್ನುತ್ತಿದ್ದರು. ಕೂಡಲೇ ಎಲ್ಲರೂ ತಮ್ಮ ತಮ್ಮ ವಾದ್ಯದ ಬಾಗಿನಲ್ಲಿದ್ದ ಪುಟ್ಟ ಮುಚ್ಚಳ ಒತ್ತಿ, ಒಮ್ಮೆ ಉಫ್ ಎಂದು ಊದಿ, ಕಾಲಬುಡದ ಬಟ್ಟೆಯ ಮೇಲೆ ನಾಲ್ಕು ತೊಟ್ಟು ನೀರು ಬೀಳಿಸುತ್ತಿದ್ದರು. ಊದಿದ ಬಿಸಿ ಉಸಿರು ತಣ್ಣನೆಯ ಹಿತ್ತಾಳೆಗೆ ತಾಗಿ ನೀರಾಗುತ್ತದೆ, ಅದನ್ನು ಆಗಾಗ ಹೊರಗೆ ಬಿಡಲೇಬೇಕು, ಅದಕ್ಕೆಂದೇ ಆ ತೂತು, ಅದಕ್ಕೆಂದೇ ಆ ಮುಚ್ಚಳ. ಇದನ್ನು ಮೇಷ್ಟ್ರು ಮೊದಲ ಪಾಠದಲ್ಲೇ ಹೇಳಿದ್ದರು. ಪೈಪಣ್ಣ ಸೇರಿದ್ದು ನಡುವೆ. ಕೇಳಬಹುದಿತ್ತು. ಆದರೆ ನೀರಿನ ವಿಷಯವನ್ನು ಒಬ್ಬ ಪ್ಲಂಬರು ಇನ್ನೊಬ್ಬರ ಹತ್ತಿರ ಕೇಳುವುದೆಂದರೇನು?

ಅವನು ತನ್ನಷ್ಟಕ್ಕೆ ಅರ್ಥ ಮಾಡಿಕೊಂಡ: ಪಾಪ, ಇವರ ವಾದ್ಯಗಳೆಲ್ಲ ಹಳೆಯವು, ಸೋರುತ್ತವೆ, ಯಾರೂ ಹೇಳಿಕೊಟ್ಟಿಲ್ಲ.

ಇವನ ಟ್ರಾಂಬೋನಿನ ಮುಚ್ಚಳದ ಸ್ಪ್ರಿಂಗು ತುಕ್ಕು ಹಿಡಿದು ಸಡಿಲವಾಗಿತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ತಾನೇ ಜಿನುಗುತ್ತಿತ್ತು. ಒಂದು ಭಾನುವಾರ ಅದು ಕ್ಯಾಷಿಯರಮ್ಮನ ಹೊಸ ಚಪ್ಪಲಿಯ ಮೇಲೆ ಜಿನುಗಿತು. ಅವರು ಕಾಲು ಒದರಿ, “ಏನ್ರೀ ಇದು, ಪ್ಲಂಬರ್ ಪೈಪೇ ಸೋರ್ತಿದೆ,” ಎಂದರು.

ಕೋಣೆಯೆಲ್ಲ ನಕ್ಕಿತು. ಟ್ಯೂಬಾದ ಹಿಂದಿನಿಂದಲೂ ನಗು ಕೇಳಿಸಿತು. ಪೈಪಣ್ಣ ಹಲ್ಲು ಕಿರಿದ, ಆದರೆ ಆ ಮಾತು ನೇರ ಎದೆಗೆ ನಾಟಿತ್ತು. ಅವನ ಕಸುಬಿನ ಚರಿತ್ರೆಯಲ್ಲೇ ಅವನ ಬಗ್ಗೆ ಯಾರೂ ಇಂಥ ಮಾತು ಆಡಿರಲಿಲ್ಲ.

ಅದೇ ದಿನ ಮೇಷ್ಟ್ರು ಕಾರ್ಯಕ್ರಮದ ಸುದ್ದಿ ಹೇಳಿದರು. ಗ್ರಂಥಾಲಯದ ಸಭಾಂಗಣ, ಬಂಧುಬಳಗವೆಲ್ಲ ಬರಬೇಕು, ನಡುವೆ ಒಂದು ನಿಧಾನದ ಹಾಡನ್ನು ಪೈಪಣ್ಣ ಒಬ್ಬನೇ ನುಡಿಸಬೇಕು. ಟ್ರಾಂಬೋನು ಇದ್ದದ್ದು ಅವನೊಬ್ಬನ ಹತ್ತಿರ, ಹಾಗಾಗಿ ಪೈಪೋಟಿಯಿರಲಿಲ್ಲ. ಆದರೂ ಅವನು ಮೆಟ್ಟಿಲು ಇಳಿದದ್ದು ಪದಕ ಗೆದ್ದವನ ಹಾಗೆ. ನೇರ ಅತ್ತೆಯ ಮನೆಗೆ ಹೋದ.

ಅತ್ತೆ ಬಾಗಿಲು ತೆರೆದವರೇ ಅವನ ಕೈ ನೋಡಿದರು. “ರೆಂಚು ತರಲಿಲ್ವಾ?”

“ರೆಂಚು ಯಾಕತ್ತೆ? ನನ್ನ ಕಾರ್ಯಕ್ರಮಕ್ಕೆ ಕರೆಯೋಕೆ ಬಂದೆ. ಮುಂದಿನ ಸಾಲಲ್ಲೇ ಕೂರಬೇಕು.”

“ಬರ್ತೀನಿ ಬಿಡಿ. ನಾನು ನಲ್ಲಿ ನೋಡೋಕೆ ಬಂದ್ರಿ ಅಂದ್ಕೊಂಡೆ.”

ಅತ್ತೆಯ ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಟ್ರಾಂಬೋನು ಬರುವ ಮೊದಲೇ ಅವರು ಹೇಳಿದ್ದರು. ಬರುತ್ತೇನೆ ಎಂದಿದ್ದ. ಆಮೇಲೆ ಸಂಗೀತ ಬಂತು, ಅವನು ಬರಲಿಲ್ಲ. ಈಗ ಒಳಗೆ ಹೋಗಿ ನಲ್ಲಿಯ ಮುಂದೆ ನಿಂತ. ಟಪ್, ಟಪ್, ಟಪ್ ಎಂದು ಕೆಳಗಿಟ್ಟ ಪಾತ್ರೆಗೆ ಬೀಳುತ್ತಿತ್ತು. ಪೈಪಣ್ಣನ ಕಾಲು ತಾನಾಗಿ ತಾಳ ಹಾಕತೊಡಗಿತು. ಮುಖ ಅರಳಿತು.

“ಅತ್ತೆ, ಒಂದು ಉಪಕಾರ ಮಾಡ್ಬೇಕು. ಕಾರ್ಯಕ್ರಮ ಮುಗಿಯೋವರೆಗೂ ಇದನ್ನ ಹೀಗೇ ಬಿಡಿ.”

“ಯಾಕೆ?”

“ನನ್ನ ಹಾಡಿನ ಲಯ ಸರಿಯಾಗಿ ಇದೇ. ಒಂಚೂರೂ ತಪ್ತಿಲ್ಲ ನೋಡಿ. ದಿನಾ ಸಂಜೆ ಇಲ್ಲೇ ಬಂದು ಅಭ್ಯಾಸ ಮಾಡ್ತೀನಿ.”

ಅತ್ತೆ ನಲ್ಲಿಯನ್ನೂ ಅಳಿಯನನ್ನೂ ನೋಡಿದರು. “ರಾತ್ರಿ ಇದೇ ಲಯ ಕೇಳ್ಕೊಂಡು ನಾನು ಎದ್ದು ಕೂತಿರ್ತೀನಿ ಅಳಿಯಂದ್ರೇ. ಬೇರೆ ಪ್ಲಂಬರ್‌ನ ಕರೆಸ್ಲಾ?”

“ನಾನಿರುವಾಗ ಬೇರೆಯವ್ರಾ? ನನ್ನ ಮರ್ಯಾದೆ ಏನಾಗ್ಬೇಕು ಅತ್ತೆ?”

ಮರ್ಯಾದೆಯ ಪ್ರಶ್ನೆ ಬಂದ ಮೇಲೆ ಅತ್ತೆ ಒಪ್ಪಿಕೊಂಡರು. ಅಂದಿನಿಂದ ಅವರ ಅಡುಗೆಮನೆಯಲ್ಲಿ ಸಂಜೆ ಹೊತ್ತು ಜುಗಲ್‌ಬಂದಿ ಶುರುವಾಯಿತು. ನಲ್ಲಿ ಟಪ್ ಎನ್ನುವುದು, ಪೈಪಣ್ಣ ಪೋಂ ಎನ್ನುವುದು. ಅತ್ತೆ ಕಿವಿಗೆ ಹತ್ತಿ ಇಟ್ಟುಕೊಂಡು ತರಕಾರಿ ಹೆಚ್ಚುತ್ತಿದ್ದರು.

ಆದರೆ ಕ್ಯಾಷಿಯರಮ್ಮನ ಮಾತು ಒಳಗೆ ಚುಚ್ಚುತ್ತಲೇ ಇತ್ತು. ಅತ್ತೆ ಮುಂದಿನ ಸಾಲಿನಲ್ಲಿ ಕೂತಿರುವಾಗ, ಷಡ್ಡಕ ಪಕ್ಕದಲ್ಲಿರುವಾಗ, ವೇದಿಕೆಯ ಮೇಲೆ ತನ್ನ ಪೈಪು ಸೋರಿದರೆ? ಕಾರ್ಯಕ್ರಮಕ್ಕೆ ಒಂದು ವಾರವಿತ್ತು. ಆ ಭಾನುವಾರ ಪಾಠವೂ ಇರಲಿಲ್ಲ, ಮೇಷ್ಟ್ರು ಸಭಾಂಗಣಕ್ಕೆ ಕುರ್ಚಿ ಹೊಂದಿಸುವ ಓಡಾಟದಲ್ಲಿದ್ದರು. ಪೈಪಣ್ಣ ಕೆಲಸದ ಪೆಟ್ಟಿಗೆ ತೆಗೆದ. ಆ ದರಿದ್ರ ಮುಚ್ಚಳವನ್ನು ಸ್ಪ್ರಿಂಗು ಸಮೇತ ಕಿತ್ತುಹಾಕಿದ. ತೂತಿನ ಸುತ್ತ ಉಜ್ಜಿ, ಹಿತ್ತಾಳೆಯ ಚೂರಿಟ್ಟು, ಬೆಸುಗೆ ಹಾಕಿ, ಮೇಲೆ ಅರದಿಂದ ನಯ ಮಾಡಿದ. ಸ್ಲೈಡಿಗೆ ನೀರು ತುಂಬಿ, ಕೆಳಗೆ ಹಳೆಯ ಪೇಪರ್ ಹಾಸಿ ತೂಗುಹಾಕಿ ಕಾದ. ಪೇಪರ್ ಒಣಗಿದಂತೆಯೇ ಇತ್ತು. ನೀರು ಚೆಲ್ಲಿ, ಹೆಂಡತಿಯನ್ನು ಕರೆದ.

“ನೋಡೇ. ಒಂದು ತೊಟ್ಟು ಬರಲಿ, ನನ್ನ ಹೆಸರು ಬದಲಾಯಿಸ್ತೀನಿ.”

“ಅಲ್ಲಾರೀ, ಮಾಡಿದವ್ರು ಆ ತೂತನ್ನ ಸುಮ್ನೆ ಇಟ್ಟಿರ್ತಾರಾ?”

“ಮಾಡಿದವ್ರಿಗೆ ಪೈಪಿನ ಬಗ್ಗೆ ಏನು ಗೊತ್ತು?”

ಹೆಂಡತಿ ಹೊಲಿಗೆಗೆ ವಾಪಸು ಹೋದಳು.

ಆ ವಾರವೆಲ್ಲ ಅವನು ಬಿಡುವಿದ್ದಾಗಲೆಲ್ಲ ಊದಿದ. ಒಂದೆರಡು ದಿನ ಕಳೆದ ಮೇಲೆ ಸ್ವರದ ಬಾಲದಲ್ಲಿ ಒಂದು ಗೊಳಗೊಳ ಸೇರಿಕೊಂಡಿತು.

“ರೀ, ಅದೇನು ಗೊಳಗೊಳ ಅಂತಿದೆ?”

“ಅದು ಗಮಕ. ಕೈ ಪಳಗಿದಾಗ ತಾನೇ ಬರುತ್ತೆ.”

“ನಮ್ಮ ಬಚ್ಚಲ ಮೋರಿ ಕಟ್ಕೊಂಡಾಗ್ಲೂ ಇದೇ ಗಮಕ ಬಂದಿತ್ತು.”

“ಹೊಲಿಗೆಯವಳಿಗೆ ಸಂಗೀತ ಹೇಗೆ ಅರ್ಥವಾಗ್ಬೇಕು ಹೇಳು,” ಎಂದು ಪೈಪಣ್ಣ ಉದಾರವಾಗಿ ಕ್ಷಮಿಸಿದ.

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನ ನಡುವೆ ಅತ್ತೆ, ಒಳ್ಳೆಯ ಶಾಲು ಹೊದ್ದು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತಿದ್ದರು. ಅವರ ಬಲಕ್ಕೆ ಹಲ್ಲಿನ ಡಾಕ್ಟರು, ಎಡಕ್ಕೆ ಪೈಪಣ್ಣನ ಹೆಂಡತಿ. ಬೇಕರಿಯವನ ಟ್ಯೂಬಾಕ್ಕೆ ಚಪ್ಪಾಳೆ ಬಿತ್ತು. ಕ್ಯಾಷಿಯರಮ್ಮನಿಗೂ ಬಿತ್ತು. ಮೇಷ್ಟ್ರು ಕೈ ಎತ್ತಿ ಮೆಲ್ಲಗೆ, “ನೀರು,” ಎಂದರು. ಎಲ್ಲರೂ ಬಗ್ಗಿ ಮುಚ್ಚಳ ಒತ್ತಿದರು. ಪೈಪಣ್ಣ ಮಾತ್ರ ನೆಟ್ಟಗೆ ಕೂತಿದ್ದ. ಅವನ ಕಾಲಬುಡದ ಬಟ್ಟೆ ಇಸ್ತ್ರಿಯ ಮಡಿಕೆ ಕೂಡ ಮುರಿಯದೆ ಒಣಗಿತ್ತು. ಅದನ್ನು ಕ್ಯಾಷಿಯರಮ್ಮನಿಗೆ ಕಾಣುವ ಹಾಗೆ ಕಾಲಿನಿಂದ ಸ್ವಲ್ಪ ಮುಂದೆ ಸರಿಸಿದ.

ಆಮೇಲೆ ಎದ್ದು ನಿಂತು ಬಾಗಿ ನಮಸ್ಕರಿಸಿದ. ಅತ್ತೆ ಹಿಂದಿನ ಸಾಲಿನ ಯಾರ ಕಡೆಗೋ ತಿರುಗಿ, ಅವನ ಕಡೆ ಬೆರಳು ತೋರಿಸಿ, ಏನೋ ಹೇಳಿದರು. ಆ ಬೆರಳಿನಲ್ಲಿ ಹೆಮ್ಮೆಯಿತ್ತು! ಇಷ್ಟು ತಿಂಗಳ ಪುರ್ರ್ ಸಾರ್ಥಕವಾಯಿತು ಎಂದು ಪೈಪಣ್ಣನಿಗೆ ಎನಿಸಿತು. ಅತ್ತೆಯ ನಲ್ಲಿಯನ್ನು ಮನಸ್ಸಿನಲ್ಲಿ ನೆನೆದು, ಟಪ್, ಟಪ್ ಎಂದು ಲಯ ಹಿಡಿದು ಊದಿದ.

ಮೊದಲ ಸ್ವರ ಚೆನ್ನಾಗಿ ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಸ್ಲೈಡು ಕೆಳಕ್ಕೆ ವಾಲಿದ್ದೇ ತಡ, ವಾರವಿಡೀ ಒಳಗೆ ಸೆರೆಯಾಗಿದ್ದ ನೀರೆಲ್ಲ ಬಾಗಿಗೆ ಇಳಿದು ಸಭೆಗೆ ಪ್ರತ್ಯಕ್ಷವಾಯಿತು: ಗೊಳ್, ಗೊಳಗೊಳ, ಬುಳುಕ್.

ಸಭಾಂಗಣದ ಕಾವಲುಗಾರ ಬಾಗಿಲ ಬಳಿಯಿಂದ ಎದ್ದು ಶೌಚಾಲಯದ ಕಡೆ ಓಡಿದ. ಹಲ್ಲಿನ ಡಾಕ್ಟರು ಅಭ್ಯಾಸಬಲದಿಂದ, “ಸಾಕು, ಉಗುಳಿಬಿಡಿ,” ಎಂದರು. ಪೈಪಣ್ಣ ಬೆವರಿದ. ಜೋರಾಗಿ ಊದಿದರೆ ದಾರಿ ಬಿಟ್ಟೀತೆಂದು ಜೋರಾಗಿ ಊದಿದ. ಅದು ಇನ್ನೂ ಜೋರಾಗಿ ಬುಳುಕ್ ಎಂದಿತು. ಇಂಥ ಸದ್ದು ಅವನಿಗೆ ಹೊಸದೇನಲ್ಲ. ಇದನ್ನು ಕೇಳಿದ ಕೂಡಲೇ ಅವನೊಳಗಿನ ಕಲಾವಿದ ಜಾಗ ಖಾಲಿ ಮಾಡಿದ, ಪ್ಲಂಬರು ಬಂದು ಕೂತ. ಕಟ್ಟಿಕೊಂಡ ಪೈಪಿಗೆ ಪ್ಲಂಬರು ಏನು ಮಾಡುತ್ತಾನೆ? ಹಿಡಿದು ಒಂದು ಜಾಡಿಸುತ್ತಾನೆ.

ಜಾಡಿಸಿದ.

ಸ್ಲೈಡು ಕಳಚಿತು. ವೇದಿಕೆಯ ದೀಪದ ಬೆಳಕಿನಲ್ಲಿ ಮಿರಿಮಿರಿ ಮಿಂಚುತ್ತಾ, ದಾರಿಯುದ್ದಕ್ಕೂ ವಾರದ ನೀರನ್ನು ಧಾರಾಳವಾಗಿ ಚಿಮುಕಿಸುತ್ತಾ ಹಾರಿ, ಅತ್ತೆಯ ಮಡಿಲಲ್ಲಿದ್ದ ಕೈಚೀಲದ ಮೇಲೆ ಇಳಿಯಿತು. ಪೈಪಣ್ಣನ ಕೈಯಲ್ಲಿ ಉಳಿದ ಅರ್ಧ ಟ್ರಾಂಬೋನಿನಿಂದ ಕೊನೆಯದಾಗಿ ಒಂದು ಸಣ್ಣ ‘ಪುಸ್’ ಬಂತು.

ಹೆಂಡತಿ ಅವಸರದಲ್ಲಿ ಅಮ್ಮನ ಶಾಲು ಒರೆಸತೊಡಗಿದಳು. ಕಾವಲುಗಾರ ವಾಪಸು ಬಂದು, “ಅಲ್ಲೇನೂ ಒಡೆದಿಲ್ಲ ಸಾರ್,” ಎಂದು ವರದಿ ಒಪ್ಪಿಸಿದ. ಮೇಷ್ಟ್ರು ವೇದಿಕೆಯಿಂದ ಇಳಿದು ಬಂದು ಸ್ಲೈಡಿನ ತುದಿ ನೋಡಿದರು.

“ನೀರು ಬಿಡೋ ತೂತು ಎಲ್ರೀ?”

“ಮುಚ್ಚಿದೆ ಮೇಷ್ಟ್ರೇ. ಸೋರ್ತಿತ್ತು.”

“ಅಯ್ಯೋ ಮಹರಾಯ, ಅದು ಸೋರೋಕೇ ಇರೋದು.”

ಹಲ್ಲಿನ ಡಾಕ್ಟರು ಜೇಬಿನಿಂದ ಪುಟ್ಟ ಟಾರ್ಚು ತೆಗೆದು, ಬೆಸುಗೆಯ ಮೇಲೆ ಬೆಳಕು ಬಿಟ್ಟು, ಉಗುರಿನಿಂದ ಕೆರೆದು ನೋಡಿದರು. “ಷಡ್ಡಕರೇ, ನಿಜ ಹೇಳ್ತೀನಿ, ನಾನು ಹಲ್ಲು ತುಂಬಿದ್ರೂ ಇಷ್ಟು ನಯವಾಗಿ ಬರಲ್ಲ,” ಎಂದರು. ಅವರು ಮನಸಾರೆ ಹೇಳಿದ ಮಾತದು. ಬೇರೆ ದಿನವಾಗಿದ್ದರೆ ಪೈಪಣ್ಣ ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದ. ಆದರೆ ಅವನ ಕಣ್ಣು ಅತ್ತೆಯ ಮೇಲಿತ್ತು.

ಅತ್ತೆ ಕನ್ನಡಕ ತೆಗೆದು, ಶಾಲಿನ ಒಣಗಿದ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಸ್ಲೈಡನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಬೈಯುತ್ತಾರೆ ಎಂದು ಪೈಪಣ್ಣ ತಲೆ ತಗ್ಗಿಸಿ ನಿಂತ. ಅತ್ತೆಗೆ ಬೈಯುವ ಅಭ್ಯಾಸವೇ ಇರಲಿಲ್ಲ. ಎಂದಿನ ಹಾಗೆ ಮೆತ್ತಗೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಆಸೆಯಿಂದ, ಇಡೀ ಸಭೆಗೆ ಕೇಳುವ ಹಾಗೆ ಕೇಳಿದರು:

“ಅಲ್ಲ ಅಳಿಯಂದ್ರೇ, ಸೋರಬೇಕಾದ್ದನ್ನ ಇಷ್ಟು ಭದ್ರವಾಗಿ ಮುಚ್ಚಿದ್ದೀರಿ. ಸೋರಬಾರದ ನನ್ನ ನಲ್ಲೀನ ಯಾವಾಗ ಮುಚ್ತೀರಿ?”